ಅತ್ತೆಯ ಮೂರು ಮೆಮೊ, ನಾಲ್ಕು ಮೊಳೆ

ಎಲ್ಲರೂ ಮದುವೆ ಫೋಟೋಗೆ, ಬಹುಮಾನದ ಪತ್ರಕ್ಕೆ ಕಟ್ಟು ಹಾಕಿಸುತ್ತಾರೆ. ನನ್ನ ಸೋದರತ್ತೆ ಮೆಮೊಗಳಿಗೆ ಕಟ್ಟು ಹಾಕಿಸಿದ್ದರು! ಶಿಡ್ಲಘಟ್ಟದ ಅವರ ಮನೆಯಲ್ಲಿ, ದೇವರ ಪಟಗಳ ಸಾಲಿನಲ್ಲೇ, ಅವರಿಗೆ ಶಾಲೆಯಲ್ಲಿ ಸಿಕ್ಕಿದ್ದ ಮೂರು ಮೆಮೊಗಳು ಗಾಜಿನೊಳಗೆ ನೇತಾಡುತ್ತಿದ್ದವು. ಒಮ್ಮೆ ನೆಂಟರೊಬ್ಬರು ಒಂದೊಂದೇ ದೇವರಿಗೆ ಕೈಮುಗಿಯುತ್ತಾ ಹೋಗಿ, ಅದೇ ಭಕ್ತಿಯಲ್ಲಿ "ಈ ಮೂಲಕ ತಮಗೆ ತಿಳಿಯಪಡಿಸುವುದೇನೆಂದರೆ" ಎಂದು ಶುರುವಾಗುವ ಮೆಮೊಗೂ ಕೆನ್ನೆ ಬಡಿದುಕೊಂಡರು. ಅತ್ತೆ ತಿದ್ದಲಿಲ್ಲ. ಮೂರನೆಯ ಮೆಮೊದ ಪಕ್ಕದಲ್ಲಿ ಒಂದು ಮೊಳೆ ಮಾತ್ರ ಖಾಲಿಯಿತ್ತು. ಅದು ಯಾವುದಕ್ಕೆ ಎಂದು ಕೇಳಿದರೆ, ಬರುತ್ತೆ ಬಿಡು ಎನ್ನುತ್ತಿದ್ದರು.

ಅತ್ತೆ ಹೈಸ್ಕೂಲಿನಲ್ಲಿ ವಿಜ್ಞಾನದ ಮೇಡಂ. ನಾನು ಅವರ ಮನೆಯಲ್ಲಿದ್ದುಕೊಂಡು ಅವರ ಶಾಲೆಯಲ್ಲೇ ಓದಿದವನು. ನನ್ನೂರು ನಗರಗೆರೆ. ಮನೆಯಲ್ಲಿ ತೆಲುಗು, ಶಾಲೆಯಲ್ಲಿ ಕನ್ನಡ, ಎರಡರಲ್ಲೂ ತೊದಲು. ಊರಿನ ಮೇಷ್ಟ್ರು ಈ ಹುಡುಗನಿಗೆ ಓದು ಹತ್ತುವುದಿಲ್ಲ ಎಂದು ಕೈಚೆಲ್ಲಿದಾಗ ಅತ್ತೆ ಬಸ್ಸಿಳಿದು ಬಂದು, ನನ್ನ ಟ್ರಂಕನ್ನೂ ನನ್ನನ್ನೂ ಎತ್ತಿಕೊಂಡು ಹೋದರು. ಅತ್ತೆ ಯಾರಿಗೂ ಮಾತು ಮುಗಿಸಲು ಬಿಡುತ್ತಿರಲಿಲ್ಲ. ಮಾವ ಉಪ್ಪಿಟ್ಟಿಗೆ ಉಪ್ಪು ಎನ್ನುವಷ್ಟರಲ್ಲಿ, ಕಡಿಮೆ ತಾನೇ, ಹಾಕ್ಕೊಳ್ಳಿ ಎಂದುಬಿಡುತ್ತಿದ್ದರು. ನನ್ನ ಮಾತನ್ನು ಮಾತ್ರ ಒಮ್ಮೆಯೂ ತಾವು ಮುಗಿಸಿಕೊಡಲಿಲ್ಲ. ಆಗ ನನಗೆ ಅದು ಶಿಕ್ಷೆಯ ಹಾಗೆ ಕಾಣುತ್ತಿತ್ತು.

ಇನ್ನು ಅವರ ಪಾಠ! ದಡ್ಡತನ ಇರುವುದು ಪಾಠದಲ್ಲಿ, ಮಕ್ಕಳಲ್ಲಿ ಅಲ್ಲ ಎಂಬುದು ಅವರ ಸಿದ್ಧಾಂತ. ಹಾಗಾಗಿ ಪ್ರತಿ ಪಾಠವೂ ನಾಟಕ. ಸಣ್ಣ ಕರುಳು ಇಪ್ಪತ್ತು ಅಡಿ ಉದ್ದ ಎಂದು ಪುಸ್ತಕ ಹೇಳುತ್ತಿತ್ತು, ನಮ್ಮ ಕ್ಲಾಸು ರೂಮು ಹದಿನೈದು ಅಡಿ. ಅತ್ತೆಯಾದರೂ ಏನು ಮಾಡಬೇಕಿತ್ತು? ತಮ್ಮ ಹಳೆಯ ಸೀರೆಗಳನ್ನು ಕರುಳಾಗಿ ಹಿಡಿಸಿ, ಜಗಲಿಗೆ ಇಳಿಸಿ, ಹೆಡ್ ಮಾಸ್ಟರ ಕೋಣೆಯ ಒಂದು ಬಾಗಿಲಿನಿಂದ ಒಳಗೆ, ಇನ್ನೊಂದು ಬಾಗಿಲಿನಿಂದ ಹೊರಗೆ ಹಾಯಿಸಿದರು. ಅದರೊಳಗೆ ರಾಗಿಮುದ್ದೆಯಾಗಿ ನಮ್ಮ ಕ್ಲಾಸಿನ ದಪ್ಪ ಹುಡುಗ ತೆವಳುತ್ತಿದ್ದ. ಟೀ ಕುಡಿಯುತ್ತಿದ್ದ ಹೆಡ್ ಮಾಸ್ಟರು ಗಾಬರಿಯಿಂದ ಎದ್ದರು.

"ಕೂತ್ಕೊಳ್ಳಿ ಸಾರ್, ಅಪೆಂಡಿಕ್ಸ್ ಇರೋ ಜಾಗದಲ್ಲೇ ಇದೀರ," ಎಂದರು ಅತ್ತೆ.

ಅಪೆಂಡಿಕ್ಸಿಗೆ ಏನು ಕೆಲಸ ಎಂದು ಹೆಡ್ ಮಾಸ್ಟರು ಕೇಳಬಾರದಿತ್ತು. ಸೀರೆ ಹಿಡಿದಿದ್ದ ಹುಡುಗಿಯೊಬ್ಬಳು ಪಾಠ ಒಪ್ಪಿಸಿದಳು: "ಏನೂ ಕೆಲ್ಸ ಇಲ್ಲ ಸಾರ್. ಊದ್ಕೊಂಡ್ರೆ ಮಾತ್ರ ತೊಂದ್ರೆ ಕೊಡುತ್ತೆ."

ಮೊದಲನೆಯ ಮೆಮೊ ಬಂತು.

ಎರಡನೆಯದು ರೇಷ್ಮೆಹುಳದ ನಾಟಕಕ್ಕೆ. ಅದರಲ್ಲಿ ಹಿಪ್ಪುನೇರಳೆ ತೋಟದವನಾದ ಹುಡುಗ ತೆಲುಗಿನಲ್ಲಿ ಬೈದಾಡುತ್ತಿದ್ದ. ನೂಲು ತೆಗೆಯುವವರ ಮನೆಯ ಹುಡುಗಿಯೊಬ್ಬಳು, ವರ್ಷವಿಡೀ ಕ್ಲಾಸಿನಲ್ಲಿ ಬಾಯಿಬಿಡದವಳು, ಎಳೆ ತುಂಡಾದರೆ ಅವಳ ಅಬ್ಬಾ ಹೇಗೆ ಕೂಗಾಡುತ್ತಾರೋ ಹಾಗೆ ಉರ್ದುವಿನಲ್ಲಿ ಅಬ್ಬರಿಸಿದಳು. ನಾವೆಲ್ಲ ಬೆಂಚಿನ ಕೆಳಗೆ ಬಿದ್ದು ನಕ್ಕೆವು, ಪಾಠವೂ ತಲೆಗೆ ಹತ್ತಿತು. ಇದು ಕನ್ನಡ ಮಾಧ್ಯಮದ ಶಾಲೆ ಎಂದು ಹೆಡ್ ಮಾಸ್ಟರು ನೆನಪಿಸಿದರು. ರೇಷ್ಮೆಹುಳ ಯಾವ ಮಾಧ್ಯಮದ್ದು ಸಾರ್ ಎಂದು ಅತ್ತೆ ಕೇಳಿದರು. ಇಂಥ ಪ್ರಶ್ನೆಗೆ ಮನುಷ್ಯ ಮೆಮೊ ಬರೆಯದೆ ಇನ್ನೇನು ಮಾಡಿಯಾನು?

ಆ ನಾಟಕದಲ್ಲಿ ನಾನೇ ಹುಳ. ನಮ್ಮ ಕಡೆ ಹುಳ ಪೊರೆ ಬಿಡುವುದಕ್ಕೆ ಜ್ವರ ಎನ್ನುತ್ತಾರೆ. ಜ್ವರಕ್ಕೆ ಕೂತ ಹುಳ ತಲೆಯೆತ್ತಿ ಅಲ್ಲಾಡದೆ ಇರುತ್ತದೆ. ಆಗ ಯಾರೂ ಸೊಪ್ಪು ಹಾಕುವುದಿಲ್ಲ, ಮುಟ್ಟುವುದಿಲ್ಲ, ಅದು ತಾನಾಗಿ ಏಳುವವರೆಗೆ ಕಾಯುತ್ತಾರೆ. ಹೀಗೆ ನಾಲ್ಕು ಜ್ವರ. ಮಾತಿಲ್ಲದ ಪಾತ್ರವೆಂದು ನಾನು ಖುಷಿಯಾಗಿದ್ದರೆ, ಕೊನೆಯಲ್ಲಿ ಅತ್ತೆ ಒಂದೇ ಒಂದು ಮಾತು ಸೇರಿಸಿದರು: "ನಾನೀಗ ಗೂಡು ಕಟ್ಟುತ್ತೇನೆ." ಅದರಲ್ಲಿ ಪದದ ಮೊದಲಿಗೇ ಒಂದು 'ಕ' ಇತ್ತು. ಆ ಅಕ್ಷರ ನನ್ನ ಜನ್ಮಶತ್ರು.

ಅಷ್ಟರಲ್ಲಿ ಒಂಬತ್ತನೆಯ ಕ್ಲಾಸಿನ ಪರೀಕ್ಷೆ ಮುಗಿಯಿತು. ನನಗೆ ಒಳ್ಳೆಯ ಮಾರ್ಕ್ಸ್ ಬಂದಿತ್ತು. ಅದೇ ತಪ್ಪಾಯಿತು! ಬಾಯಲ್ಲಿ ಹೇಳಲಾಗದವನು ಬರೆದದ್ದೆಲ್ಲ ಕಾಪಿ ಎಂದರು ಹೆಡ್ ಮಾಸ್ಟರು. ಶಾಲಾ ಇನ್‌ಸ್ಪೆಕ್ಟರ ಮುಂದೆ ಬಾಯಿಬಿಟ್ಟು ಉತ್ತರ ಹೇಳಬೇಕು, ಇಲ್ಲದಿದ್ದರೆ ಹತ್ತನೆಯ ಕ್ಲಾಸಿಲ್ಲ, ಟಿ.ಸಿ. ತೆಗೆದುಕೊಂಡು ಊರಿಗೆ ಹೋಗಲಿ. ನಾನು ಟ್ರಂಕು ತೆಗೆದು ಒರೆಸಿಟ್ಟೆ. ಅತ್ತೆ ರೇಷ್ಮೆಹುಳದ ನಾಟಕವನ್ನು ಮತ್ತೆ ಆಡಿಸಿ ತೆಗೆಸಲು, ಚಿಂತಾಮಣಿಗೆ ಹೋಗಿ ಮದುವೆ ವಿಡಿಯೋದವರನ್ನು ಕರೆತಂದರು.

ಅವರು ಹೆಗಲ ಮೇಲೆ ಕ್ಯಾಮೆರಾ ಹೊತ್ತು, ಕಣ್ಣು ಕುಕ್ಕುವ ಲೈಟು ಹಾಕಿದರು. ವಿಡಿಯೋ ಲೈಟು ಕಂಡರೆ ಸಾಲಾಗಿ ನಿಂತು ಕ್ಯಾಮೆರಾಗೆ ಕೈಮುಗಿಯುವುದು ನಮ್ಮ ಜನರ ರೂಢಿ. ಗಲಾಟೆ ನಿಲ್ಲಿಸಲು ಬಂದ ಹೆಡ್ ಮಾಸ್ಟರೂ ಲೈಟು ಬೀಳುತ್ತಲೇ ತಲೆ ಬಾಚಿಕೊಂಡು, ಮೂರನೆಯ ಜ್ವರದಲ್ಲಿದ್ದ ನನ್ನ ಪಕ್ಕ ಮದುಮಗನ ಸೋದರಮಾವನಂತೆ ನಿಂತು ಕೈಮುಗಿದುಬಿಟ್ಟರು! ವಿಡಿಯೋದವರು ಅಭ್ಯಾಸಬಲದಿಂದ ಓಲಗ ಸೇರಿಸಿದರು. ಗೂಡಿನಿಂದ ಬಂದ ಎರಡು ಚಿಟ್ಟೆಗಳನ್ನು ಹೃದಯದ ಆಕಾರದ ಚೌಕಟ್ಟಿನಲ್ಲಿ ಕೂರಿಸಿದರು. ಒಂದಕ್ಕೆ ಮಾತ್ರ ಅತ್ತೆ ಒಪ್ಪಲಿಲ್ಲ. ನಾನು 'ಕ' ಮುಂದೆ ಸಿಕ್ಕಿಕೊಂಡು ನಿಂತಿದ್ದಷ್ಟೂ ಹೊತ್ತು ವೇಸ್ಟು, ಕಟ್ ಮಾಡ್ತೀನಿ ಎಂದು ವಿಡಿಯೋದವರು ಹೇಳಿದಾಗ, ಅದೊಂದು ಬಿಟ್ಟು ಬೇಕಾದ್ದು ಕಟ್ ಮಾಡಿ ಎಂದರು ಅತ್ತೆ.

ಇನ್‌ಸ್ಪೆಕ್ಟರು ಬಂದರು. ಇದೇ ನನ್ನ ಹುಡುಗನ ಬಾಯಿಪರೀಕ್ಷೆ ಎಂದು ಅತ್ತೆ ಟಿ.ವಿ. ಹಚ್ಚಿದರು. ಓಲಗಕ್ಕೆ ಇನ್‌ಸ್ಪೆಕ್ಟರು ಹುಬ್ಬೇರಿಸಿದರು, ಕೈಮುಗಿದ ಹೆಡ್ ಮಾಸ್ಟರನ್ನು ಕಂಡು ಕೆಮ್ಮಿದರು. ಕೊನೆಗೆ ನನ್ನ ಮಾತು ಬಂತು. "ನಾನೀಗ ಗೂಡು..." ಅಲ್ಲಿಗೆ ನಿಂತಿತು. ಪರದೆಯ ಮೇಲೆ ನನ್ನ ಗಂಟಲು ಉಬ್ಬುತ್ತಿತ್ತು, ಬಾಗಿಲಲ್ಲಿ ನಿಂತ ನನ್ನ ಗಂಟಲೂ ಉಬ್ಬುತ್ತಿತ್ತು. ನಾಚಿಕೆಯಿಂದ ಸತ್ತೇ ಹೋಗುತ್ತೇನೆ ಅನ್ನಿಸಿತು. ಇನ್‌ಸ್ಪೆಕ್ಟರು ಮುಂದಕ್ಕೆ ಓಡಿಸುವ ಗುಂಡಿಯತ್ತ ಕೈ ಚಾಚಿದರು. ಅತ್ತೆ ಗುಂಡಿಯ ಮೇಲೆ ತಮ್ಮ ಕೈಯಿಟ್ಟರು.

"ಹುಳ ಜ್ವರದಲ್ಲಿದೆ ಸಾರ್. ನಮ್ಮೂರಲ್ಲಿ ಕಾಯ್ತೀವಿ."

ಅಧಿಕಾರಿಗೆ ಹಾಗೆ ಹೇಳಿದವರನ್ನು ನಾನು ಅದುವರೆಗೆ ನೋಡಿರಲಿಲ್ಲ. ಎಲ್ಲರೂ ಕಾದರು. ಪರದೆಯಲ್ಲಿ ನನ್ನ ಕ್ಲಾಸಿನವರು ಕೂಡ ಒಬ್ಬರೂ ನಗದೆ ಕಾದು ಕೂತಿದ್ದರು. "...ಕಟ್ಟುತ್ತೇನೆ" ಎಂದೆ, ಪರದೆಯಲ್ಲಿ.

ಇನ್‌ಸ್ಪೆಕ್ಟರು ನನ್ನತ್ತ ತಿರುಗಿ, ಒಟ್ಟು ಎಷ್ಟು ಜ್ವರ ಎಂದು ಕೇಳಿ, ಕೈಕಟ್ಟಿ ಕೂತರು. ನಾಲ್ಕು ಎಂದು ಹೇಳಲು ನನಗೆ ಎಷ್ಟು ಹೊತ್ತು ಬೇಕಾಯಿತೋ ಅಷ್ಟು ಹೊತ್ತೂ ಕೂತಿದ್ದರು. ಆಮೇಲೆ ಹುಡುಗನನ್ನು ಹತ್ತನೆಯ ಕ್ಲಾಸಿಗೆ ಕಳಿಸಿ ಎಂದರು. ಅನುಮತಿಯಿಲ್ಲದೆ ಶಾಲೆಯಲ್ಲಿ ವಿಡಿಯೋ ತೆಗೆಸಿದ್ದಕ್ಕೆ ಮೇಡಮ್ಮಿಗೊಂದು ಮೆಮೊ ಕೊಡಿ ಎಂದೂ ಹೇಳಿದರು. ಅತ್ತೆ ಸಂಜೆಯೇ ಅದನ್ನು ಕಟ್ಟು ಹಾಕಿಸಲು ಕೊಟ್ಟರು.

ನನ್ನ ತೊದಲು ಹೋಗಲಿಲ್ಲ. ಇವತ್ತಿಗೂ ಇದೆ, ಇರಲಿ! ಅದನ್ನಿಟ್ಟುಕೊಂಡೇ ನಾನೂ ಮೇಷ್ಟ್ರಾದೆ. ತೊಂಡೇಬಾವಿಯಲ್ಲಿ ವೇಗದ ಪಾಠಕ್ಕೆಂದು ಮಕ್ಕಳನ್ನು ರೈಲ್ವೆ ಸ್ಟೇಷನ್ನಿಗೆ ಕರೆದೊಯ್ದು, ಪ್ಲಾಟ್‌ಫಾರಮ್ಮಿನ ಮೇಲೆ ಅವರನ್ನೇ ರೈಲು ಮಾಡಿ ಓಡಿಸಿದೆ. ಮೂರನೆಯ ದಿನ ಮೆಮೊ ಬಂತು. ಭಾನುವಾರ ಅದನ್ನು ಜೇಬಿನಲ್ಲಿಟ್ಟುಕೊಂಡು ಶಿಡ್ಲಘಟ್ಟಕ್ಕೆ ಹೋದೆ. ಅತ್ತೆ ಆಗಲೇ ರಿಟೈರಾಗಿದ್ದರು. ಒಲೆಯ ಮೇಲೆ ಹಾಲಿಟ್ಟು ಬಂದು ಕೂತು, ಖಾಲಿ ಮೊಳೆಯ ಕಡೆ ಒಮ್ಮೆ ನೋಡಿದರು.

"ಇಷ್ಟು ವರ್ಷ ಬೇಕಾಯ್ತೇನಪ್ಪ ನಿನಗೆ? ಓದು, ಕೇಳಣ."

ಓದಿದೆ. "ಈ ಮೂಲಕ ತಮಗೆ ತಿಳಿಯಪಡಿಸುವುದೇನೆಂದರೆ, ತಮ್ಮ..." ಮುಂದಿನ ಪದ ಕರ್ತವ್ಯಲೋಪ. 'ಕ' ಹತ್ತಿರ ನಿಂತೆ. ಯಾರಿಗೂ ಮಾತು ಮುಗಿಸಲು ಬಿಡದ ಅತ್ತೆ ಮಡಿಲಲ್ಲಿ ಕೈಯಿಟ್ಟುಕೊಂಡು ನನ್ನ ಮುಖವನ್ನೇ ನೋಡುತ್ತಿದ್ದರು. ಒಳಗೆ ಹಾಲು ಉಕ್ಕಿ ಒಲೆಗೆ ಸುರಿದ ವಾಸನೆ ಬಂತು. ಅತ್ತೆ ಏಳಲಿಲ್ಲ.