ಅವಲಕ್ಕಿಯ ವರ್ಗಾವಣೆಗಳು

ಆಷಾಢ ಏಕಾದಶಿಯ ಬೆಳಿಗ್ಗೆ, ಪುಣೆಯ ಸದಾಶಿವ ಪೇಠದ ನಮ್ಮ ವಾಡೆಯಲ್ಲಿ, ಅವಲಕ್ಕಿಯನ್ನು ಫಲಾಹಾರದ ಪಟ್ಟದಿಂದ ಇಳಿಸಲಾಯಿತು. ಪ್ರಾಣಹಾನಿಯಾಗಲಿಲ್ಲ. ಇದ್ದ ವಸ್ತು ಇದ್ದಕ್ಕಿದ್ದಂತೆ ಬೇರೆ ಸಾಲಿಗೆ ಸೇರುವುದು ಲೋಕದಲ್ಲಿ ನಡೆದೇ ಇರುತ್ತದೆ. ನಮ್ಮ ಮನೆಯಲ್ಲಿ ಆ ವರ್ಷ ಸ್ವಲ್ಪ ಹೆಚ್ಚು ನಡೆಯಿತು.

೧. ಇಳಿಕೆ

ಧಾರವಾಡದಿಂದ ನಮ್ಮಲ್ಲಿಗೆ ಬಂದ ಅವ್ವ ಮೊಸರವಲಕ್ಕಿ ತಿನ್ನುತ್ತಿದ್ದಳು. ಎದುರುಮನೆಯ ಕಾಕೂ ಬಾಗಿಲಲ್ಲೇ ನಿಂತರು. ಕಾಕೂ ಮರಾಠಿ, ಅವ್ವ ಕನ್ನಡ. ಜಗಳಕ್ಕೆ ಅದು ಅಡ್ಡಿಯಾಗಲಿಲ್ಲ.

"ಅಹೋ, ಪೋಹೆ, ಅಂದರೆ ನಿಮ್ಮ ಅವಲಕ್ಕಿ, ಅದು ಅಕ್ಕಿಯೇ. ಉಪವಾಸಕ್ಕೆ ಸಾಬೂದಾಣಿ. ಅದು ಗೆಡ್ಡೆಯದು."

"ಕುಟ್ಟಿದ ಮ್ಯಾಲ ಅಕ್ಕಿ ಎಲ್ಲಿ ಉಳೀತರೀ?"

"ಕುಟ್ಟಿದರೆ ಚಪ್ಪಟೆ ಆಗುತ್ತದೆ. ಗೆಡ್ಡೆ ಆಗುವುದಿಲ್ಲ."

ಅವ್ವನ ಕೈ ತಟ್ಟೆಯಲ್ಲೇ ನಿಂತಿತು. "ಅಂದ್ರ ಮದುವಿ ಆದಾಗಿಂದ ನಾ ಹಿಡಿದ ಏಕಾದಶಿ ಎಲ್ಲಾ ಊಟದ ಲೆಕ್ಕಕ್ಕ ಹೋದ್ವೇನೋ?" ಎಂದು ನನ್ನನ್ನು ಕೇಳಿದಳು.

ನಾನು ವಿಮಾ ಕಚೇರಿಯವನು. ಹಳೆಯ ಕಂತುಗಳ ವಿಷಯ ಮೇಲಿನವರನ್ನೇ ಕೇಳಬೇಕು ಎಂದೆ.

೨. ಮತದಾನ

ಮುಂದಿನ ತಿಂಗಳು ಪ್ಲೂಟೊವನ್ನು ಗ್ರಹಗಳ ಸಾಲಿನಿಂದ ತೆಗೆದ ಸುದ್ದಿ ಪತ್ರಿಕೆಯಲ್ಲಿ ಬಂತು. ಅವ್ವನಿಗೆ ಓದಿ ಹೇಳಿದೆ.

"ಯಾರು ತಗದ್ರು?"

"ವಿಜ್ಞಾನಿಗಳು. ಓಟು ಹಾಕಿ."

"ಅದು ಬಿತ್ತೇನು?"

"ಇಲ್ಲವ್ವಾ. ಮೊದಲಿನಂಗ ತಿರಗಲಿಕ್ಕತ್ತದ."

ಅವ್ವನಿಗೆ ದಾರಿ ಸಿಕ್ಕಿತು. ಮುಂದಿನ ಏಕಾದಶಿಗೆ ಭಜನೆಯ ಹೆಂಗಸರನ್ನು ಕೂಡಿಸಿ, "ನಮ್ಮದೂ ಓಟಿಗೆ ಹಾಕ್ರಿ" ಎಂದಳು. ಚರ್ಚೆ ಚೆನ್ನಾಗಿ ನಡೆಯಿತು. ಅಕ್ಕಿಗೂ ಅವಲಕ್ಕಿಗೂ ಸಂಬಂಧ ದೂರದ್ದು ಎಂದು ಹಲವರು ಒಪ್ಪಿದರು. ಆದರೆ ಎಲ್ಲರ ಮನೆಯಲ್ಲೂ ಸಾಬೂದಾಣಿ ಆಗಲೇ ನೆನೆದಿತ್ತು. ಅವ್ವನಿಗೆ ಬಿದ್ದದ್ದು ಅವ್ವನ ಓಟು ಮಾತ್ರ.

೩. ಬಡ್ತಿ

ಸೋತ ಅವ್ವ ಸಾಬೂದಾಣಿ ಖಿಚಡಿ ಶುರುಮಾಡಿದಳು. ಅವಳಿಗೆ ಸಕ್ಕರೆ ಕಾಯಿಲೆ. ಕೆಲವು ಏಕಾದಶಿ ಕಳೆಯುವಷ್ಟರಲ್ಲಿ ತಲೆ ತಿರುಗಿ ಕುಸಿದು ಕುಳಿತಳು. ಕಾಕೂನೇ ರಿಕ್ಷಾ ಕರೆದು ದವಾಖಾನೆಗೆ ಒಯ್ದರು. ನಾನು ಹಿಂದೆ ಸ್ಕೂಟರಿನಲ್ಲಿ.

ಡಾಕ್ಟರು ರಕ್ತ ಪರೀಕ್ಷೆ ಮಾಡಿ, "ಸಾಬೂದಾಣಿ ಬಂದ್. ಬೇಕಾದರೆ ಸ್ವಲ್ಪ ಪೋಹೆ ತಿನ್ನಿ" ಎಂದರು.

"ಅದು ಅಕ್ಕಿ ಅಂತ ಠರಾವು ಆಗೇದರಿ" ಎಂದಳು ಅವ್ವ. "ಸತ್ತರೂ ಏಕಾದಶಿ ಕೆಡಸೂದಿಲ್ಲ."

ಡಾಕ್ಟರು ಕಾಕೂ ಮುಖ ನೋಡಿದರು. ಕಾಕೂ ಗೋಡೆ ನೋಡಿದರು. ಕೊನೆಗೆ, "ಡಾಕ್ಟರು ಹೇಳಿ ಕೊಟ್ಟದ್ದು ಔಷಧ. ಔಷಧದಿಂದ ಉಪವಾಸ ಮುರಿಯುವುದಿಲ್ಲ" ಎಂದು ತೀರ್ಪು ಕೊಟ್ಟರು.

"ಮತ್ತ ಹಿಂದ ತಿಂದಿದ್ದು?"

"ಅದೂ ಔಷಧವೇ. ನಿಮಗೆ ಗೊತ್ತಿರಲಿಲ್ಲ, ಅಷ್ಟೇ."

ಮುಂದಿನ ಏಕಾದಶಿಗೆ ಅವ್ವ ಮೊಸರಿನಲ್ಲಿ ಔಷಧ ಕಲಸಿದಳು. ಕಾಕೂ ಬಂದು ಒಂದು ತಟ್ಟೆ ತಿಂದರು. ಅವರಿಗೆ ಯಾವ ಕಾಯಿಲೆಯೂ ಇಲ್ಲ.