ಮಂಡಿಗೆ ತಗ್ಗು, ಸೊಂಟಕ್ಕೆ ಮೆತ್ತಗೆ

ಕೊಳ್ಳೇಗಾಲದಲ್ಲಿ ನನ್ನದೊಂದು ಶೆಡ್ಡಿದೆ. ಗಾಡಿಗಳ ಸ್ಪ್ರಿಂಗು, ಶಾಕಬ್ಸರ್ ಕೆಲಸ. ಎಷ್ಟೋ ವರ್ಷದಿಂದ ನೋಡ್ತಾನೇ ಇದ್ದೀನಿ, ಇಲ್ಲಿಗೆ ಬರೋರು ಯಾರೂ ಮೊದಲು ಗಾಡಿ ತೋರಿಸಲ್ಲ. ತಿರುಗಿ ನಿಂತು ಸೊಂಟ ತೋರಿಸ್ತಾರೆ. "ಇಲ್ಲಿ ಕಣ್ಲಾ, ಇಲ್ಲಿ ಇಡ್ಕತದೆ" ಅಂತಾರೆ. ಡಾಕ್ಟರಾಗಿದ್ದರೆ ಕುರ್ಚೀಲಿ ಕೂತು ನೋಡಬಹುದಿತ್ತು. ನಾನು ಗಾಡಿ ಕೆಳಗೆ ಮಲಗಿ ನೋಡಬೇಕು. ಸುಸ್ತಾಗಿದೆ ಅಂತ ಹೇಳೋದಕ್ಕೂ ಸುಸ್ತು. ಆದರೂ ಹೊನ್ನೂರಿನ ರಿಟೈರ್ಡ್ ಮೇಷ್ಟ್ರೊಬ್ಬರ ವ್ಯಾನು ಕೊಟ್ಟಷ್ಟು ಸುಸ್ತು ಇನ್ಯಾವ ಗಾಡೀನೂ ಕೊಟ್ಟಿಲ್ಲ.

ಗಂಡ ಗಾಡೀಲಿ, ಹೆಂಡ್ತಿ ರೋಡಲ್ಲಿ

ಅದು ಒಳಗೇ ಹಾಸಿಗೆ, ಗ್ಯಾಸ್ ಒಲೆ, ಕಿಟಕಿಗೆ ಪರದೆ ಎಲ್ಲಾ ಇರೋ ಕ್ಯಾಂಪರ್ ವ್ಯಾನು. ಮೇಷ್ಟ್ರು ಸೆಕೆಂಡ್ ಹ್ಯಾಂಡಲ್ಲಿ ತಂದಿದ್ದರು. ಮೊದಲಿದ್ದ ಓನರ್ರು ಶೋಕಿಗೆ ಅಂತ ಸ್ಪ್ರಿಂಗ್ ಕತ್ತರಿಸಿ ಗಾಡಿ ತಗ್ಗಿಸಿಬಿಟ್ಟಿದ್ದ. ಗಬ್ಬದ ಎಮ್ಮೆ ಥರ ಹೊಟ್ಟೆ ನೆಲಕ್ಕೆ ಜೋತುಬಿದ್ದಿತ್ತು.

ಮೊದಲನೇ ದಿನ ಮೇಷ್ಟ್ರು ಶೆಡ್ಡಿನ ಮುಂದೆ ವ್ಯಾನು ನಿಲ್ಲಿಸಿದರು. ಹಿಂದೆ ನೋಡಿದರೆ ಅವರ ಹೆಂಡತಿ ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡು ನಡೆದು ಬರ್ತಿದ್ದಾರೆ. ವಿಷಯ ಏನಪ್ಪ ಅಂದರೆ, ಗಾಡಿ ಹಂಪ್ ಹತ್ತಿ ಇಳಿದರೆ ಆಯಮ್ಮನ ಸೊಂಟಕ್ಕೆ ಮೊಳೆ ಹೊಡೆದ ಹಾಗಾಗುತ್ತಂತೆ. ಅದಕ್ಕೇ ಯಳಂದೂರಿನಿಂದ ಪ್ರತಿ ಹಂಪಿಗೂ ಇಳಿದು, ನಡೆದು ದಾಟಿ, ಮತ್ತೆ ಹತ್ತಿಕೊಂಡು ಬಂದಿದ್ದಾರೆ.

"ದಾರೀಲಿ ಒಬ್ಬ ಆಟೋದೋನು ನಿಲ್ಸಿ ಕೇಳ್ದ ಕಣಪ್ಪ, ಯಾಕವ್ವ, ಯಜಮಾನ್ರು ಗಾಡೀಲಿ, ನೀನು ರೋಡಲ್ಲಿ, ಜಗಳಾನಾ ಅಂತ" ಅಂದರು.

"ನೀವೇನಂದ್ರಿ?"

"ಜಗಳ ಅಲ್ಲ ಕಣಪ್ಪ, ಸ್ಪ್ರಿಂಗು ಅಂದೆ. ಅವನು ಮೇಷ್ಟ್ರ ಮುಖ ನೋಡ್ಬುಟ್ಟು, ವಯಸ್ಸಾದ್ಮೇಲೆ ಅಂಗೇ ಬುಡವ್ವ ಅಂದ್ಬುಟ್ಟು ಓದ."

ನಾನು ಅಂದೆ, "ಸಾ, ಕಂಪನಿಯಿಂದ ಬಂದಾಗಿನ ಎತ್ತರಕ್ಕೇ ಏರ್ಸ್ಬುಡಣ. ಸ್ಪ್ರಿಂಗು ಕುಗ್ಗಕ್ಕೆ ಜಾಗ ಸಿಕ್ತದೆ, ಎಲ್ಲಾ ಸರಿ ಓಯ್ತದೆ."

ಮೇಷ್ಟ್ರು ಗಾಬರಿಯಾದರು. "ಬೇಡಪ್ಪ! ಇವಳಿಗೆ ಮಂಡಿನೋವು. ಎತ್ತರದ ಗಾಡಿ ಹತ್ತೋಕಾಗಲ್ಲ. ತಗ್ಗಾಗಿದೆ ಅಂತಲೇ ಇದನ್ನ ತಗೊಂಡಿದ್ದು."

ಆಯಮ್ಮನ ಅಕ್ಕ ಮೆಟ್ಟೂರಿನಲ್ಲಿದ್ದಾರಂತೆ, ಹಾಸಿಗೆ ಹಿಡಿದಿದ್ದಾರಂತೆ. ಘಾಟ್ ರೋಡಲ್ಲಿ ಬಸ್ಸಿನ ಕುಲುಕಾಟ ತಡೆಯೋಕಾಗದೆ ಇವರು ನಾಲ್ಕು ವರ್ಷದಿಂದ ಅಕ್ಕನ ಮುಖ ನೋಡಿಲ್ಲ. ಮಲಗಿಕೊಂಡು ಹೋಗಬಹುದು ಅಂತ ಮೇಷ್ಟ್ರು ಈ ವ್ಯಾನು ತಂದಿದ್ದಾರೆ. ಈಗ ಮಂಡಿ ತಗ್ಗು ಕೇಳ್ತಿದೆ, ಸೊಂಟ ಎತ್ತರ ಕೇಳ್ತಿದೆ. ಒಂದೇ ಮೈಯೊಳಗೆ ಎರಡು ಪಾರ್ಟಿ. ನಡುವೆ ನಾನು.

ಪುಣ್ಯಾತ್ಮರು

ಮೊದಲು ಸುಲಭದ್ದು ನೋಡೋಣ ಅಂತ ಟೈರು ಮುಟ್ಟಿದೆ. ಕಲ್ಲು. ಯಾರೋ ಲಾರಿಗೆ ತುಂಬೋ ಹಾಗೆ ಗಾಳಿ ತುಂಬಿದ್ದರು. ಸರಿಯಾಗಿ ಅಳೆದು ಗಾಳಿ ಇಳಿಸಿದೆ. "ಹನೂರಿನ ತನಕ ಓಗ್ಬುಟ್ಟು ಬನ್ನಿ ಸಾ, ವ್ಯತ್ಯಾಸ ಗೊತ್ತಾಯ್ತದೆ" ಅಂದೆ.

ಮಧ್ಯಾಹ್ನ ವಾಪಸ್ ಬಂದರು. "ಏನೂ ವ್ಯತ್ಯಾಸ ಇಲ್ಲಪ್ಪ, ಇನ್ನೂ ಗಟ್ಟಿಯಾಗಿದೆ" ಅಂದರು. ಅಳೆದು ನೋಡಿದರೆ ಮೊದಲಿದ್ದದ್ದಕ್ಕಿಂತ ಜಾಸ್ತಿ ಗಾಳಿ!

ಆಗಿದ್ದಿಷ್ಟು. ಗಾಡಿ ಮೊದಲೇ ತಗ್ಗು. ನೋಡಿದವರಿಗೆಲ್ಲ ಪಂಕ್ಚರ್ ಅನ್ನಿಸುತ್ತೆ. ಮಧುವನಹಳ್ಳೀಲಿ ಒಬ್ಬರು ಕೈ ಅಡ್ಡ ಹಾಕಿ "ಸಾ, ಗಾಳಿ ಇಲ್ಲ" ಅಂದರಂತೆ. ಕಾಮಗೆರೇಲಿ ಇನ್ನೊಬ್ಬರು. ಮೇಷ್ಟ್ರಿಗೆ ಯಾರಿಗೂ ಇಲ್ಲ ಅನ್ನೋ ಅಭ್ಯಾಸ ಇಲ್ಲ, ಹೇಳಿದಲ್ಲೆಲ್ಲ ನಿಲ್ಲಿಸಿದ್ದಾರೆ. ಮೂರು ಕಡೆ ಮೂರು ಜನ ಪುಣ್ಯಾತ್ಮರು ಗಾಳಿ ಹೊಡೆದು ಕಳಿಸಿದ್ದಾರೆ.

ಮತ್ತೆ ಇಳಿಸಿದೆ. ಈ ಸಲ ಹಿಂದುಗಡೆ ಗಾಜಿಗೆ ದಪ್ಪ ಅಕ್ಷರದಲ್ಲಿ ಬರೆದು ಅಂಟಿಸಿದೆ: 'ಗಾಳಿ ಸರಿಯಾಗಿದೆ. ದಯವಿಟ್ಟು ಹೇಳಬೇಡಿ.'

ಮಾರನೇ ದಿನ ಮತ್ತೆ ಹನೂರಿಗೆ ಹೋದ ಮೇಷ್ಟ್ರು ಮೊದಲಿಗಿಂತ ಒಂದು ಗಂಟೆ ತಡವಾಗಿ ಬಂದರು.

"ಈಗ್ಲೂ ನಿಲ್ಸುದ್ರಾ ಸಾ?"

"ಹೂಂ. ಗಾಳಿ ವಿಷಯ ಒಬ್ಬರೂ ಮಾತಾಡಲಿಲ್ಲ. ಏನನ್ನ ಹೇಳಬಾರದು ಅಂತ ಕೇಳೋಕೆ ನಿಲ್ಲಿಸಿದರು."

ಬಾಮೈದನ ಐಡಿಯಾ

ಮೇಷ್ಟ್ರ ಬಾಮೈದ ಕುಂತೂರಿನವನು. ಕಬ್ಬಿನ ಟ್ರಾಕ್ಟರ್ ಓಡಿಸ್ತಾನೆ. ಅವನು ನಾನಿಲ್ಲದಾಗ ಒಂದು ಮಾತು ಹೇಳಿದ್ದಾನೆ: "ಬಾವ, ಖಾಲಿ ಟ್ರೈಲರ್ರು ಎಗರಾಡ್ತದೆ. ಕಬ್ಬು ತುಂಬುದ್ರೆ ತೊಟ್ಲು ಕಣಿ, ತೊಟ್ಲು. ನಿಮ್ಮ ಗಾಡಿಗೂ ಲೋಡ್ ಆಕಿ."

ಮಾತು ಪೂರಾ ಸುಳ್ಳಲ್ಲ. ಆದರೆ ತಗ್ಗಿಸಿದ ಗಾಡೀಲಿ ಸ್ಪ್ರಿಂಗ್ ಇನ್ನೂ ಕುಗ್ಗೋಕೆ ಜಾಗ ಎಲ್ಲಿದೆ? ಇವರು ಹಾಸಿಗೆ ಕೆಳಗೆ ಆರು ಮೂಟೆ ಭತ್ತ ತುಂಬಿಕೊಂಡು ಹೊರಟಿದ್ದಾರೆ. ಕುಂತೂರಿನ ಮೊದಲನೇ ಹಂಪಿಗೆ ಮುಂದಿನ ಚಕ್ರ ದಾಟಿತು, ಹಿಂದಿನದು ದಾಟಲಿಲ್ಲ. ಹೊಟ್ಟೆ ಹಂಪಿನ ಮೇಲೆ ಕೂತುಬಿಡ್ತು, ಬಂಡೆ ಮೇಲಿನ ಆಮೆ ಥರ.

ನನಗೆ ಫೋನ್ ಬಂತು. ಜಾಕು ತಗೊಂಡು ಹೋದರೆ ಹಿಂದೆ ಕಬ್ಬಿನ ಟ್ರಾಕ್ಟರುಗಳ ಸಾಲು. ಡ್ರೈವರುಗಳೆಲ್ಲ ಇಳಿದು ನಿಂತಿದ್ದಾರೆ. ಬೈತಿರ್ತಾರೆ ಅಂದುಕೊಂಡೆ. ನೋಡಿದರೆ ಎಲ್ಲರ ಕೈಯಲ್ಲೂ ಟೀ ಲೋಟ! ಮೇಷ್ಟ್ರ ಹೆಂಡತಿ ಗಾಡಿಯೊಳಗೆ ಒಲೆ ಹಚ್ಚಿ ಕೂತಿದ್ದಾರೆ.

"ಅವ್ವ, ಇಳೀರಿ, ಜಾಕ್ ಕೊಡ್ಬೇಕು" ಅಂದೆ.

"ಇರಪ್ಪ, ಇನ್ನೊಂದ್ ಗಳಿಗೆ" ಅಂದರು. "ಈ ಗಾಡಿ ತಂದಾಗ್ಲಿಂದ ಇವತ್ತೇ ನಾನು ಆರಾಮಾಗಿ ಕೂತಿರಾದು."

ಮಣೆ

ಇನ್ನು ತೇಪೆ ಕೆಲಸ ಸಾಕು ಅಂತ ಗಾಡಿ ಶೆಡ್ಡಿಗೆ ಹಾಕಿಕೊಂಡೆ. ನಾನು, ಮೇಷ್ಟ್ರು ಇಬ್ಬರೂ ನೆಲದ ಮೇಲೆ ಸೀಮೆಸುಣ್ಣದಲ್ಲಿ ಲೆಕ್ಕ ಹಾಕಿದೆವು. ಒಂದಿಂಚು ಏರಿಸಿದರೆ ಮಂಡಿಗೆ ಎಷ್ಟು ನೋವು, ಎರಡಿಂಚು ಏರಿಸಿದರೆ ಎಷ್ಟು. ಮೇಷ್ಟ್ರು ಗಣಿತದವರು, ಬಿಡಲಿಲ್ಲ. ಬೆಳಿಗ್ಗೆಯಿಂದ ಊಟದ ಹೊತ್ತಿನ ತನಕ ನೆಲವೆಲ್ಲ ಬರೆದರು.

ಆಯಮ್ಮ ಬುತ್ತಿ ತಂದರು. ಜೊತೆಗೆ ಅಡಿಗೆಮನೆಯ ಮರದ ಮಣೆ. ನಾವು ಬರೆದಿದ್ದನ್ನ ತುಳಿದುಕೊಂಡೇ ಹೋಗಿ ಬಾಗಿಲ ಕೆಳಗೆ ಮಣೆ ಇಟ್ಟು, ಹತ್ತಿ, ಇಳಿದು ತೋರಿಸಿದರು.

"ಇದೊಂದು ಮೆಟ್ಲು ಮಾಡುದ್ರೆ ಆಯ್ತದಲ್ವಾ? ಗಾಡೀನ ಎಷ್ಟಾದ್ರೂ ಏರ್ಸ್ಕಳಿ."

ನಾನು ಮೇಷ್ಟ್ರ ಮುಖ ನೋಡಿದೆ. ಮೇಷ್ಟ್ರು ನೆಲ ನೋಡಿದರು.

"ಮೊದ್ಲೇ ಯಾಕೇಳ್ನಿಲ್ಲ ಅವ್ವ?" ಅಂದೆ.

"ಇಬ್ರೂ ನನ್ನ ಮಂಡಿ ವಿಷ್ಯವಾ ನಿಮ್ನಿಮ್ಮಲ್ಲೇ ಕೇಳ್ಕತಾ ಇದ್ರಿ. ನನ್ನ ಯಾರು ಕೇಳುದ್ರಿ?"

ಶಾಗ್ಯದಲ್ಲಿ ಸತ್ತಿದ್ದು

ಕತ್ತರಿಸಿದ ಸ್ಪ್ರಿಂಗ್ ಬಿಚ್ಚಿ ಸರಿಯಾದ್ದು ಹಾಕಿದೆ. ಆ ಎತ್ತರಕ್ಕೆ ಹೊಂದೋ ಶಾಕಬ್ಸರ್ ಹಾಕಿದೆ. ಕಿತ್ತುಹೋಗಿದ್ದ ರಬ್ಬರ್ ಬದಲಾಯಿಸಿ, ಬಾಗಿಲಿಗೊಂದು ಎಳೆಯೋ ಮೆಟ್ಟಿಲು ಕೂರಿಸಿದೆ. ಆದರೂ ಆಯಮ್ಮ ಹಾಸಿಗೆ ಮೇಲೆ ಮಲಗೋಕೆ ಒಪ್ಪಲಿಲ್ಲ. "ಮೊದ್ಲು ನೀನು ಮನಿಕ್ಕಂಡು ಬಾ. ನಿನ್ನ ಸೊಂಟ ಉಳುದ್ರೆ ಆಮೇಲೆ ನಂದು" ಅಂದರು.

ಹನೂರು ದಾಟಿ ಶಾಗ್ಯದ ತನಕ ಹೋಗಿ ಬರೋದು ಅಂತಾಯ್ತು. ಗಂಡ ಹೆಂಡತಿ ಮುಂದೆ, ನಾನು ಹಿಂದೆ ಹಾಸಿಗೆ ಮೇಲೆ. ಜೀವಮಾನವೆಲ್ಲ ಗಾಡಿ ಕೆಳಗೇ ಮಲಗಿದ ಮೈ. ಮೆತ್ತನೆ ಹಾಸಿಗೆ, ತೂಗೋ ಗಾಡಿ, ಪರದೆ ನೆರಳು. ಮೊದಲನೇ ಹಂಪು ದಾಟಿದ್ದು ನೆನಪಿದೆ. ಎರಡನೇದು ನೆನಪಿಲ್ಲ.

ಶಾಗ್ಯದಲ್ಲಿ ಮೇಷ್ಟ್ರು ಬಾಗಿಲು ತೆಗೆದು ಕರೆದರಂತೆ. ನಾನು ಏಳಲಿಲ್ಲ. ಅಲುಗಾಡಿಸಿದರಂತೆ. ಆಗಲೂ ಏಳಲಿಲ್ಲ. ನನ್ನ ಅತ್ತೆಮನೆ ಅದೇ ಊರು ಅಂತ ಅವರಿಗೆ ಗೊತ್ತಿತ್ತು. ಹೆದರಿ ಅಲ್ಲಿಗೇ ಓಡಿ, "ನಿಮ್ಮ ಅಳಿಯ ಎಷ್ಟು ಕರೆದರೂ ಏಳ್ತಿಲ್ಲ" ಅಂದುಬಿಟ್ಟಿದ್ದಾರೆ.

ನನಗೆ ಎಚ್ಚರವಾಗಿದ್ದು ಅಳೋ ಸದ್ದಿಗೆ. ಅತ್ತೆ ಅಂದರೆ ನನ್ನ ಸ್ವಂತ ಸೋದರತ್ತೆ, ಹುಟ್ಟಿದಾಗಿನಿಂದ ಬೈಕೊಂಡೇ ಬಂದೋಳು. ಈಗ ಎದೆ ಎದೆ ಬಡಕೊಂಡು, "ನನ್ನಳಿಯ ಚಿನ್ನದಂತೋನು! ಒಂದಿನ ಎದುರು ಮಾತಾಡ್ನಿಲ್ವಲ್ಲಪ್ಪೋ! ಅಂತ ಕೆಲ್ಸಗಾರ ಸೀಮೇಲೇ ಇರ್ನಿಲ್ವಲ್ಲಪ್ಪೋ!" ಅಂತ ರಾಗ ಎಳೀತಿದ್ದಾಳೆ. ನಿಜ ಹೇಳ್ತೀನಿ, ಕಣ್ಣು ಬಿಡೋಕೆ ಮನಸ್ಸು ಬರಲಿಲ್ಲ. ಇಷ್ಟು ವರ್ಷದಲ್ಲಿ ನನ್ನನ್ನ ಯಾರೂ ಇಷ್ಟು ಹೊಗಳಿರಲಿಲ್ಲ. ಇನ್ನೊಂದು ನಾಲ್ಕು ಮಾತು ಬರಲಿ ಅಂತ ಹಾಗೇ ಬಿದ್ದಿದ್ದೆ. ಅಷ್ಟರಲ್ಲಿ ನೊಣ ಮೂಗಿನ ಮೇಲೆ ಕೂತು ಸೀನು ಬಂದುಬಿಡ್ತು.

ಅತ್ತೆ ರಾಗ ಅರ್ಧಕ್ಕೇ ನಿಂತಿತು. "ಥೂ, ನಿನ್ನ ಮನೆ ಕಾಯ್ವೋಗ! ಕೆಲ್ಸ ಬುಟ್ಬುಟ್ಟು ಊರ್ ಮುಂದೆ ಮನಿಗಿದ್ದೀಯಲ್ಲಾ!"

ಮೇಷ್ಟ್ರ ಹೆಂಡತಿ ಮಾತ್ರ ನನ್ನನ್ನ ಇಳಿಸಿ, ಮೆಟ್ಟಿಲು ಎಳೆದು, ಹತ್ತಿ, ಹಾಸಿಗೆ ಮೇಲೆ ಕಾಲು ಚಾಚಿದರು. "ನಡೀರಿ ಮೇಷ್ಟ್ರೆ, ಇವತ್ತೇ ಮೆಟ್ಟೂರಿಗೆ ಓಗ್ಬುಡಣ" ಅಂದರು. ನಿಜವಾಗಿಯೂ ನನ್ನನ್ನ ಅಲ್ಲೇ ಬಿಟ್ಟು ಹೊರಟೇಬಿಟ್ಟರು. ಸಂಜೆ ಫೋನು ಬಂತು. ಅಕ್ಕ ತಂಗಿ ಇಬ್ಬರೂ ಒಟ್ಟಿಗೇ ಮಾತಾಡ್ತಿದ್ದರು, ಒಂದು ಮಾತೂ ಅರ್ಥವಾಗಲಿಲ್ಲ. ಆದರೆ ಆ ದನಿಯಲ್ಲೇ ಸೊಂಟ ಚೆನ್ನಾಗಿದೆ ಅಂತ ಗೊತ್ತಾಯ್ತು.

ನಾನು ಊರಿಗೆ ಬಸ್ಸು ಕಾಯ್ತಾ ಅತ್ತೆ ಮನೆ ಜಗಲೀಲಿ ಕೂತಿದ್ದೆ. ಅತ್ತೆ ಮುದ್ದೆ ತಂದಿಟ್ಟಳು.

"ಅತ್ತೆ, ಆಗ್ಲೆ ಏನೋ ಅಂದ್ಯಲ್ಲ, ಅಳಿಯ ಚಿನ್ನ ಅಂತ. ಇನ್ನೊಂದ್ಸಲಿ ಅನ್ನು, ಕೇಳಣ."

ಅತ್ತೆ ಸಾರು ಬಿಡ್ತಾ, ತಲೆ ಎತ್ತದೆ ಅಂದಳು: "ಅದು ಸತ್ತೋರ್ಗೆ ಏಳಾದು ಕಣ್ಲಾ. ನೀನಿನ್ನೂ ಉಣ್ತಾ ಇದ್ದೀಯಲ್ಲ."