ಮೇಸ್ತ್ರಿ ಮಗಳ ಡೆನ್ಮಾರ್ಕ್ ವರ್ಷ

ಫಾರಿನ್ನಿಗೆ ಹೋದವರು ಚಾಕಲೇಟು ತರುತ್ತಾರೆ, ಸೆಂಟು ತರುತ್ತಾರೆ. ನಾನು ತಂದದ್ದು ಬರೀ ಫಜೀತಿ. ಅದನ್ನು ನಾನಾಗಿ ಹುಡುಕಿಕೊಂಡು ಹೋಗುವುದಿಲ್ಲ, ದೇವರಾಣೆ. ಅದೇ ನನ್ನ ವಿಳಾಸ ಕೇಳಿಕೊಂಡು ಬರುತ್ತದೆ.

ನಾನು ಕುಮಟಾದವಳು. ಅಪ್ಪ ಕಟ್ಟಡದ ಮೇಸ್ತ್ರಿ. ಹೊನ್ನಾವರ, ಭಟ್ಕಳದವರೆಗೂ ಅಪ್ಪ ಕಟ್ಟಿದ ಮನೆಗಳಿವೆ. ಆರ್ಕಿಟೆಕ್ಚರ್ ನಾಲ್ಕನೇ ವರ್ಷಕ್ಕೆ ಕಾಲೇಜಿನವರು ನನ್ನನ್ನು ಡೆನ್ಮಾರ್ಕಿಗೆ ಕಳಿಸಿದರು. ಒಂದೇ ಷರತ್ತು, ವರ್ಷದ ಕೊನೆಗೆ ಅಲ್ಲಿನ ಜ್ಯೂರಿಯಲ್ಲಿ ಪಾಸಾಗಬೇಕು. ಜ್ಯೂರಿ ಅಂದರೆ ಮೂವರು ಮೇಷ್ಟ್ರು ಕೂತು ನಮ್ಮ ಡಿಸೈನನ್ನು ಜಾಲಾಡುವುದು. ಫೇಲಾದರೆ ಇಡೀ ವರ್ಷ ನೀರುಪಾಲು, ವಾಪಸು ಬಂದು ಜೂನಿಯರುಗಳ ಪಕ್ಕ ಕೂರಬೇಕು. ಅಮ್ಮ ಆಗಲೇ ಕುಮಟಾ ಮೀನುಪೇಟೆಯ ತುಂಬ ಸುದ್ದಿ ಹಂಚಿ ಮುಗಿಸಿದ್ದಳು. ಫೇಲಾದರೆ ನಾನು ಯಾವ ಮುಖ ಹೊತ್ತುಕೊಂಡು ಮೀನು ತರಲು ಹೋಗಲಿ?

ಫಾರಿನ್ ಅಂದರೆ ಸೆಕೆ

ಹೊರಡುವ ಮೊದಲು ಕೋಟು ತೆಗೆದುಕೊಳ್ಳಲು ಅಪ್ಪನ ಜೊತೆ ಭಟ್ಕಳಕ್ಕೆ ಹೋದೆ. ಫಾರಿನ್ ಸಾಮಾನು ಸಿಗುವ ಅಂಗಡಿ, ಅದರ ಸಾಹೇಬರು ಅಪ್ಪನಿಗೆ ಹಳೇ ಗುರುತು.

"ದಪ್ಪ ಕೋಟು ಬೇಕಿತ್ತು. ಫಾರಿನ್ನಿಗೆ ಹೋಗ್ತಾ ಇದ್ದೇನೆ" ಅಂದೆ.

ಸಾಹೇಬರು ನಕ್ಕೇಬಿಟ್ಟರು. "ಕೋಟು ಎಂತಕ್ಕೆ ಬೇಟಿ? ನಾನು ಹದಿನೆಂಟು ವರ್ಷ ಫಾರಿನ್ನಲ್ಲಿದ್ದೆ. ಒಂದು ದಿನ ಸ್ವೆಟರ್ ಮುಟ್ಟಿದವನಲ್ಲ."

"ನೀವಿದ್ದದ್ದು ದುಬೈ. ನಾನು ಹೋಗೂದು ಡೆನ್ಮಾರ್ಕು. ಅಲ್ಲಿ ಹಿಮ ಬೀಳ್ತದೆ."

"ಹೊರಗೆ ಬಿದ್ದರೆ ಬೀಳಲಿ. ರೂಮಿನಲ್ಲಿ ಏಸಿ ಹಾಕಿದರೆ ಅಲ್ಲೂ ತಂಪೇ. ಅದಕ್ಕೊಂದು ಶಾಲು ಸಾಕು" ಎಂದು ಅಪ್ಪನ ಕಡೆ ತಿರುಗಿದರು. ಅಪ್ಪ ಗಂಭೀರವಾಗಿ ತಲೆಯಾಡಿಸಿದ. ಹದಿನೆಂಟು ವರ್ಷದ ಅನುಭವದ ಎದುರು ನನ್ನ ಗೂಗಲ್ ಯಾವ ಲೆಕ್ಕ!

ಕೋಪನ್‌ಹೇಗನ್ನಿನಲ್ಲಿ ಇಳಿದಾಗ ನನ್ನ ಬ್ಯಾಗಿನಲ್ಲಿ ಮೂರು ತೆಳು ಕಾಟನ್ ಶರ್ಟು, ಒಂದು ಶಾಲು ಮತ್ತು ಸಾಹೇಬರು ಪ್ರೀತಿಯಿಂದ ಪುಕ್ಕಟೆ ಕೊಟ್ಟ ಬಿಸಿಲು ಟೋಪಿ ಇದ್ದವು.

ಜಗಲಿ

ಮೊದಲ ಡಿಸೈನ್, ಒಂದು ಸಣ್ಣ ಮನೆ. ಕೈ ಸುಮ್ಮನಿರಬೇಕಲ್ಲ, ಮನೆಯ ಎದುರಿಗೆ ಉದ್ದಕ್ಕೆ ಜಗಲಿ ಎಳೆದೆ. ಪ್ರೊಫೆಸರು ಕನ್ನಡಕ ಏರಿಸಿ ಕೇಳಿದರು, "ಇದೇನು?"

"ಜನ ಬಂದು ಕೂರುವ ಜಾಗ."

"ಯಾವ ಜನ?"

"ದಾರಿಯಲ್ಲಿ ಹೋಗುವವರು."

"ಮೊದಲೇ ತಿಳಿಸಿ ಬರುತ್ತಾರೋ?"

"ಇಲ್ಲ. ಬಂದು ಕೂತಮೇಲೆ ಕೆಮ್ಮುತ್ತಾರೆ."

"ಕೂತು ಏನು ಮಾಡುತ್ತಾರೆ?"

ಯೋಚಿಸಿದೆ. ನಿಜಕ್ಕೂ ಏನೂ ಮಾಡುವುದಿಲ್ಲ. "ಇವತ್ತು ಎಂತ ಆಸೆ ಅಂತ ಕೇಳುತ್ತಾರೆ. ಆಸೆ ಅಂದರೆ ಸಾರು."

ಪ್ರೊಫೆಸರು ನನ್ನ ಹಾಳೆಯ ಮೇಲೆ 'ಈ ಮನೆಯಲ್ಲಿ ಖಾಸಗಿತನಕ್ಕೆ ಬೆಲೆಯಿಲ್ಲ' ಎಂದು ಬರೆದರು. ನನಗೆ ಅಳುವೇ ಬಂತು. ಫೋನಿನಲ್ಲಿ ಅಪ್ಪನಿಗೆ ಹೇಳಿಕೊಂಡೆ.

ಅಪ್ಪನಿಗೆ ಸಿಟ್ಟು ಬಂತು. "ಅವರಿಗೆ ತಲೆ ಅದ್ಯಾ? ಜನ ಒಳಗೆ ಬರಬಾರ್ದು ಅಂತಲೇ ಜಗಲಿ ಕಟ್ಟೂದು ಅಂತ ಹೇಳು!"

ಕೋಳಿಗೂಡು

ಅಪ್ಪನಿಗೆ ನನ್ನ ಮಾಡೆಲ್ ನೋಡುವ ಆಸೆ. ಹೊನ್ನಾವರದ ಸೈಟಿನಿಂದ ವಿಡಿಯೋ ಕಾಲ್ ಮಾಡಿದ. ನನ್ನ ಡಿಸೈನಿನಲ್ಲಿ ಒಂದು ಕೋಣೆ ಕಂಬವಿಲ್ಲದೆ ಮುಂದಕ್ಕೆ ಚಾಚಿತ್ತು. ಅದು ಪ್ರೊಫೆಸರ ಸಲಹೆ.

"ಕಂಬ ಎಲ್ಲಿ ಅದೆ?" ಅಂದ ಅಪ್ಪ.

"ಕಂಬ ಇಲ್ಲ ಅಪ್ಪ."

"ಬೀಳ್ತದೆ."

ಅಷ್ಟರಲ್ಲಿ ಆ ಪ್ರೊಫೆಸರೇ ಬಂದು ಫೋನಿನೊಳಗೆ ಇಣುಕಿ ಕೈ ಬೀಸಿದರು. ಅಪ್ಪನೂ ಸಿಮೆಂಟಿನ ಕೈ ಬೀಸಿದ. ಬೀಸುತ್ತಲೇ ನನಗೆ ಹೇಳಿದ, "ಈ ಮನುಷ್ಯ ಜನ್ಮದಲ್ಲಿ ಒಂದು ಕೋಳಿಗೂಡಾದ್ರೂ ಕಟ್ಟಿದ್ದಾನಾ ಕೇಳು."

ನಾನು ಪ್ರೊಫೆಸರಿಗೆ ಇಂಗ್ಲಿಷಿನಲ್ಲಿ, "ಅಪ್ಪ ನಿಮ್ಮ ಕೆಲಸಗಳ ಬಗ್ಗೆ ತಿಳಿಯಲು ಬಯಸುತ್ತಾರೆ" ಅಂದೆ.

ಅವರು ಖುಷಿಯಾಗಿ ಹತ್ತು ನಿಮಿಷ ಮಾತಾಡಿದರು. ತಾನು ಕಟ್ಟಿಸಿದ ಲೈಬ್ರರಿ, ಮ್ಯೂಸಿಯಂ, ಸಂಗೀತ ಮಂದಿರ ಎಲ್ಲವನ್ನೂ ವರ್ಣಿಸಿದರು. ಅಪ್ಪ ತಾಳ್ಮೆಯಿಂದ ಕೇಳಿ, "ಎಂತ ಅಂದ?" ಅಂದ.

ಅಷ್ಟನ್ನೂ ಕನ್ನಡಕ್ಕೆ ತರಲು ನನ್ನಲ್ಲಿ ತ್ರಾಣ ಇರಲಿಲ್ಲ. "ಕೋಳಿಗೂಡು ಕಟ್ಟಿಲ್ವಂತೆ ಅಪ್ಪ."

"ನಂಗೆ ನೋಡಿದ ಕೂಡ್ಲೇ ಗೊತ್ತಾತು" ಅಂದ ಅಪ್ಪ.

ಸೋರುವ ಅಡಿಗೆಮನೆ

ಜೂನ್ ಶುರುವಾಗಿತ್ತು. ಪಕ್ಕದ ಮನೆಯ ಕೊಂಕಣಿ ಹೆಂಗಸು, ನಾವೆಲ್ಲ ಬಾಯಿ ಅನ್ನುವವರು, ಫೋನು ಮಾಡಿ, ಮೊಬೈಲನ್ನು ತನ್ನ ಅಡಿಗೆಮನೆಯ ಹಂಚಿನ ಮಾಡಿಗೆ ಹಿಡಿದರು. "ನೀನು ಮನೆ ಕಟ್ಟೂದು ಕಲೀತಾ ಇದ್ದೆಯಲ್ಲ. ನೋಡು, ಸೋರ್ತದೆ."

ನನಗೆ ಹುರುಪು. ಹಂಚಿನ ಇಳಿಜಾರು, ಗಾಳಿಯ ದಿಕ್ಕು, ನೀರು ಒಂದು ಕಡೆ ಒಳನುಗ್ಗಿ ಇನ್ನೊಂದು ಕಡೆ ತೊಟ್ಟಿಕ್ಕುವ ರೀತಿ ಎಂದೆಲ್ಲ ಅರ್ಧ ಗಂಟೆ ಕೊರೆದೆ.

"ಅದೆಲ್ಲ ಇರ್ಲಿ ಮಾರಾಯ್ತಿ, ಬಾಲ್ದಿ ಎಲ್ಲಿ ಇಡೂದು, ಅದು ಹೇಳು" ಅಂದರು ಬಾಯಿ.

ಬೆರ್ಚಪ್ಪ

ಕೊನೆಗೂ ಜ್ಯೂರಿಯ ದಿನ ಬಂತು. ಎರಡು ಅಂತಸ್ತಿನ ಮಾಡೆಲ್, ಕಟ್ಟಿಗೆಯದು, ಮಂಚದಷ್ಟು ದೊಡ್ಡದು. ಬೆಳಿಗ್ಗೆ ಧೂಳು ಒರೆಸುತ್ತ ಒಳಗೆ ಬಗ್ಗಿ ನೋಡಿದೆ. ಮೆಟ್ಟಿಲು ಚಂದವಾಗಿ ಮೇಲೇರಿ ಹೋಗಿ ಸೀದಾ ಸ್ಲ್ಯಾಬಿಗೆ ತಲೆ ಹೊಡೆದುಕೊಂಡಿದೆ! ಮೇಲೆ ಹೋಗಲು ಸ್ಲ್ಯಾಬಿನಲ್ಲಿ ತೂತನ್ನೇ ಬಿಟ್ಟಿರಲಿಲ್ಲ. ಎಲ್ಲಾ ಅಂಟಿಸಿಯಾಗಿದೆ, ಜ್ಯೂರಿಗೆ ಎರಡು ಗಂಟೆ ಉಳಿದಿದೆ, ಕುಯ್ಯಲು ಹೋದರೆ ಇಡೀ ಮಾಡೆಲ್ಲೇ ಪುಡಿ. ಮೇಸ್ತ್ರಿಯ ಮಗಳಾಗಿ ಹುಟ್ಟಿ ಮೆಟ್ಟಿಲಿಗೆ ದಾರಿ ಬಿಡಲು ಮರೆತೆನಲ್ಲ ಎಂದು ನಾಚಿಕೆಯಿಂದ ಸತ್ತೇಹೋದೆ.

ಮನೆಗೆ ಫೋನು ಮಾಡಿ ಗೋಳೋ ಎಂದು ಅತ್ತೆ. ವಿಷಯ ಕೇಳಿ ಅಪ್ಪ ಹಣೆ ಚಚ್ಚಿಕೊಂಡ. ಫೋನು ಕಸಿದುಕೊಂಡ ಅಮ್ಮ ಕೇಳಿದಳು, "ಅದೆಲ್ಲ ಹಾಳಾಗ್ಲಿ, ಬೆರ್ಚಪ್ಪ ಕಟ್ಟಿದ್ಯಾ ಇಲ್ವಾ?"

ನಮ್ಮ ಕಡೆ ಮನೆ ಕಟ್ಟಿ ಮುಗಿಯುವ ತನಕ ಎದುರಿಗೆ ಹಳೇ ಅಂಗಿ-ಚಡ್ಡಿಗೆ ಹುಲ್ಲು ತುಂಬಿದ ಬೆರ್ಚಪ್ಪನನ್ನು ನೇತುಹಾಕುತ್ತಾರೆ, ದೃಷ್ಟಿ ತಾಗದಿರಲಿ ಎಂದು.

"ಅಮ್ಮಾ, ಇದು ಮಾಡೆಲ್ಲು!"

"ಕಟ್ಟಿದ್ದೋ ಇಲ್ವೋ? ಇಲ್ಲಾಂದ್ರೆ ಈಗ ಕಟ್ಟು."

ಮುಳುಗುವವಳಿಗೆ ಇನ್ನೇನು ಉಳಿದಿತ್ತು? ಹರಿದ ಸಾಕ್ಸಿಗೆ ಹತ್ತಿ ತುಂಬಿದೆ, ದೊಡ್ಡ ಕಣ್ಣು, ದಪ್ಪ ಮೀಸೆ ಬರೆದೆ, ಕೆಂಪು ನಾಲಿಗೆ ಅಂಟಿಸಿ ಮೇಲಿನ ಬಾಲ್ಕನಿಗೆ ನೇತುಹಾಕಿದೆ.

ಜ್ಯೂರಿಯವರು ಬಂದರು. ಮೊದಲನೆಯವರು ಬಗ್ಗಿದರು.

"ಈತ ಯಾರು?"

"ಕಟ್ಟಡ ಮುಗಿಯುವ ತನಕ ಇರುವವನು" ಅಂದೆ. ಸುಳ್ಳೇನಲ್ಲವಲ್ಲ.

"ಅದ್ಭುತ! ಮನೆ ಮುಗಿದ ಕೂಡಲೇ ಮರೆತುಹೋಗುವ ಕೂಲಿಕಾರ!" ಅಂದರು ಅವರು.

ಎರಡನೆಯವರಿಗೆ ಅದು ಒಪ್ಪಿಗೆಯಾಗಲಿಲ್ಲ. "ಅಲ್ಲ, ಇದು ಮಾಲೀಕನ ದುರಾಸೆ. ನಾಲಿಗೆ ನೋಡಿ."

ಇಬ್ಬರಿಗೂ ಜಟಾಪಟಿಯೇ ಹತ್ತಿತು. ಮೂರನೆಯವರು ಅಷ್ಟೂ ಹೊತ್ತು ಮೀಸೆಯ ಫೋಟೋ ತೆಗೆದರು. ನನಗಿದ್ದ ಇಪ್ಪತ್ತು ನಿಮಿಷ ಮುಗಿದು ಗಂಟೆ ಹೊಡೆಯಿತು. ಮೆಟ್ಟಿಲ ಕಡೆ ಒಬ್ಬರೂ ತಿರುಗಿ ನೋಡಲಿಲ್ಲ. ಪಾಸು!

ಕುಣಿಯುತ್ತ ಮನೆಗೆ ಫೋನು ಮಾಡಿದೆ. ಅಪ್ಪನಿಗೆ ನಂಬಿಕೆಯೇ ಬರಲಿಲ್ಲ. "ಮೂರು ಜನ ಕಲಿತವರು, ಒಬ್ರಿಗೂ ಮೆಟ್ಟಿಲು ಕಾಣ್ಲಿಲ್ವಾ?"

"ಇಲ್ಲ ಅಪ್ಪ. ಎಲ್ಲಾರ ಕಣ್ಣೂ ಬೆರ್ಚಪ್ಪನ ಮೇಲೇ ಇತ್ತು."

ಹಿಂದಿನಿಂದ ಅಮ್ಮನ ದನಿ ಕೇಳಿಸಿತು. "ಮತ್ತೆ ಅದನ್ನ ಕಟ್ಟೂದು ಎಂತಕ್ಕೆ ಅಂದ್ಕಂಡಿದ್ರಿ ಅಪ್ಪ ಮಗಳು?"